ಉರಿದುಹೋದ ಕಪಾಟು

ಥಾರ್ನ್‌ಹಿಲ್ಲಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದ ಹಳೆಯ ಪುಸ್ತಕದ ಕಪಾಟನ್ನು ಬಿಚ್ಚಿ, ಹಲಗೆಗಳನ್ನು ರಸ್ತೆಯಂಚಿಗೆ ಸಾಗಿಸುತ್ತಿದ್ದೆವು. "ಇನ್ನೂ ಗಟ್ಟಿಯಾಗಿದೆ ರೀ" ಎಂದು ನಾನು ರಾಗವೆಳೆದರೆ, "ಗಾರ್ಬೇಜ್ ಟ್ರಕ್ಕು ಬರೋ ಟೈಮಾಯ್ತು ಕಣೇ, ಬೇಗ ಇಡು" ಎಂದು ನನ್ನವರ ಅವಸರ. ಪಕ್ಕದ ಮನೆಯ ಮಿಸೆಸ್ ಲಾಮ್ ಕೋಲೂರಿಕೊಂಡು ಬಂದು ಒಂದು ಹಲಗೆಯನ್ನು ಸವರಿದರು. ಹಾಂಕಾಂಗಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಈಗ ತೊಂಬತ್ತು ದಾಟಿದೆ. "ಒಣಗಿದ ಮರ. ಚೆನ್ನಾಗಿ ಉರಿಯುತ್ತದೆ" ಎಂದು ಮೆಲುದನಿಯ ಇಂಗ್ಲಿಷಿನಲ್ಲಿ ಅಂದರು. ಯಾಕೆ ಹಾಗಂದರೆಂಬುದು ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುವಾಗ ತಿಳಿಯಿತು.

ಬ್ರಿಟಿಷರ ವಸಾಹತಾಗಿದ್ದ ಆ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರ ತಂದೆ ಅಟೆಂಡರ್ ಆಗಿದ್ದರು. ಯುದ್ಧ ಬಂತು, ಜಪಾನೀಯರು ಊರು ಹಿಡಿದರು, ಇಂಗ್ಲಿಷ್ ಪ್ರಾಧ್ಯಾಪಕರನ್ನು ಸೆರೆ ಶಿಬಿರಕ್ಕೆ ಒಯ್ದರು. ಸೌದೆಯಿಲ್ಲದೆ ಕಂಗೆಟ್ಟ ಜನ ಪಾಠದ ಕೋಣೆಗಳ ಬಾಗಿಲು, ಕಿಟಕಿ, ಕೊನೆಗೆ ಚಾವಣಿಯ ತೊಲೆಗಳನ್ನೂ ಕಿತ್ತುಕೊಂಡು ಹೋದರು. ತಂದೆ ಗ್ರಂಥಾಲಯವನ್ನಂತೂ ಕಾದುಕೊಂಡರು. ಆದರೆ ಒಂದು ಚಳಿಗಾಲ, ಎರಡು ವರ್ಷದ ಮಗ, ಅಂದರೆ ಇವರ ತಮ್ಮ, ಜ್ವರದಲ್ಲಿ ನಡುಗುತ್ತಿದ್ದಾಗ, ಗಂಜಿ ಬೇಯಿಸಲೂ ಮನೆಯಲ್ಲಿ ಕಡ್ಡಿಯಿಲ್ಲದಾಗ, ಅವರೇ ಒಂದು ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ, ನೆಲದ ಮೇಲೆ ಒಪ್ಪವಾಗಿ ಜೋಡಿಸಿಟ್ಟು, ಕಪಾಟನ್ನು ಒಡೆದು ಮನೆಗೆ ತಂದರು. ಮಗು ಬದುಕಿತು.

ಯುದ್ಧ ಮುಗಿದ ಮೇಲೆ, ಎಲುಬಿನ ಹಂದರವಾಗಿ ಶಿಬಿರದಿಂದ ಮರಳಿದ ಪ್ರಾಧ್ಯಾಪಕರೊಬ್ಬರು ಚಾವಣಿಯಿಲ್ಲದ ಸಭಾಂಗಣದಲ್ಲಿ ನಿಂತು, ಉಳಿದದ್ದೇನೆಂದು ಪಟ್ಟಿ ಮಾಡುತ್ತಿದ್ದರು. ತಂದೆ ಮಗಳಾದ ಇವರ ಕೈಹಿಡಿದು ಹೋಗಿ ತಪ್ಪೊಪ್ಪಿಕೊಂಡರು. ಕೆಲಸ ಹೋಯಿತೆಂದೇ ಎಣಿಸಿದ್ದರು.

"ಮಗು ಹೇಗಿದೆ?" ಎಂದರು ಪ್ರಾಧ್ಯಾಪಕರು. ಆಮೇಲೆ, "ನಾಳೆ ಬಾ. ಕಪಾಟು ಮಾಡಬೇಕು."

ಬಡಗಿ ಕೆಲಸ ಅರಿಯದ ತಂದೆ ಪೆಟ್ಟಿಗೆಗಳ ಹಲಗೆ ಬಡಿದು ಕಪಾಟು ಮಾಡಿದರು. ತುಸು ವಾಲಿದ್ದ ಆ ಕಪಾಟುಗಳ ಮುಂದೆ, ಮರಳಿ ಬಂದ ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಓದಿದರಂತೆ.

ನಾನು ಸಿವಿಲ್ ಎಂಜಿನಿಯರ್, ಓದುಗ ಗೆಳೆಯರೇ. ಕಟ್ಟಡ ಮತ್ತೆ ಎದ್ದು ನಿಲ್ಲಬೇಕೆಂದರೆ ಮೊದಲು ಅಸ್ತಿವಾರದ ಬಿರುಕು ಹುಡುಕುವವಳು. ಆ ವಿದ್ಯಾಲಯದ ಮೊದಲ ಕಲ್ಲು ಮಗುವಿನ ಬಗ್ಗೆ ಕೇಳಿದ ಆ ಒಂದು ಪ್ರಶ್ನೆಯೇ ಇರಬೇಕು ಎಂದು ಅಂದಿನಿಂದ ನನಗನ್ನಿಸುತ್ತಿದೆ.

ಬದುಕಿದ ಆ ತಮ್ಮ ಮುಂದೆ ಅಲ್ಲಿಯೇ ಓದಿದ. ಈಗ ಇಲ್ಲೇ ಹತ್ತಿರದ ಮಾರ್ಕಮ್ಮಿನ ವೃದ್ಧರ ಆರೈಕೆಮನೆಯಲ್ಲಿದ್ದಾನೆ. ವಿಶ್ವವಿದ್ಯಾಲಯದ ಮರ ಕದ್ದವರನ್ನು ಜೀವಮಾನವಿಡೀ ಬೈದವನು. "ಅವನಿಗೆ ಹೇಳಬೇಡ" ಎಂದು ತಂದೆ ಮಗಳಿಂದ ಮಾತು ತೆಗೆದುಕೊಂಡಿದ್ದರು. "ಈಗ ಹೇಳಲೇ?" ಎಂದು ಮಿಸೆಸ್ ಲಾಮ್ ನಮ್ಮನ್ನು ಕೇಳಿದರು. ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ನನ್ನ ಮಗಳು, "ಅಮ್ಮಾ, ಹೀ ಶುಡ್ ನೋ" ಎಂದಳು.

ಭಾನುವಾರ ನಾನೇ ಅವರನ್ನು ಕಾರಿನಲ್ಲಿ ತಮ್ಮನ ಬಳಿಗೆ ಕರೆದೊಯ್ದೆ. ಅಕ್ಕ ತಮ್ಮಂದಿರ ಭಾಷೆ ನನಗೆ ಬಾರದು, ನೋಡುತ್ತ ಕೂತೆ. ಅಕ್ಕ ಹೇಳಿ ಮುಗಿಸಿದಾಗ ಅವನು ಮುಖ ಮುಚ್ಚಿಕೊಂಡ. ಆಮೇಲೆ ಏನನ್ನೋ ಕೇಳಿದ. ಮಿಸೆಸ್ ಲಾಮ್ ಉತ್ತರಿಸಿದರು. ಆಗ ಅವನು ಅಕ್ಕನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದ, ಹೊರಡುವವರೆಗೂ ಬಿಡಲಿಲ್ಲ.

ಹಿಂದಿರುಗುವಾಗ ಏನಾಯಿತೆಂದು ಕೇಳಿದೆ.

"'ಅಕ್ಕಾ, ಆ ಬೆಂಕಿಯ ಹತ್ತಿರ ನೀನೂ ಕೂತಿದ್ದೆಯಾ?' ಎಂದ. 'ಇಲ್ಲ, ಹೊಗೆ ನೋಡಿ ಯಾರಾದರೂ ಬಂದಾರೆಂದು ನಾನು ಹೊರಗೆ ಚಳಿಯಲ್ಲಿ ಕಾವಲು ನಿಂತಿದ್ದೆ' ಎಂದೆ."