ಸೀಟಕ್ಕನ ಕಣ್ಣಳತೆ

ಆ ಸೀಟು ಮೊದಲು ಬಂದದ್ದು ನಮ್ಮ ಅಡುಗೆಮನೆಗೆ. ಯಾರೋ ಹಿತ್ತಲ ಬಾಗಿಲಲ್ಲಿ ಇಟ್ಟು ಹೋಗಿದ್ದರು. ತುಕ್ಕು ಹಿಡಿದ ದಪ್ಪ ತಗಡು, ಬಾಣಲೆಯ ಹಾಗೆ ತಗ್ಗು, ತಳದಲ್ಲಿ ತೂತುಗಳು. ಇಂಥಾ ತೂತು ಬಾಣಲೆ ನನಗೆ ಯಾರು ದಾನ ಮಾಡಿದರಪ್ಪಾ ಅಂದುಕೊಂಡು, ಮುಸುರೆ ಪಾತ್ರೆಗಳ ಜೊತೆ ಹಾಕಿಕೊಂಡು ನಾರು ಹಿಡಿದು ಉಜ್ಜುತ್ತಾ ಕೂತೆ. ನನ್ನ ನಾದಿನಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅತ್ತಿಗೆ, ಅದರಲ್ಲಿ ಏನು ಹುರೀಬೇಕು ಅಂತಿದ್ದೀರಿ?"

"ಏನು ಹುರಿದರೂ ಒಲೆಗೇ ಬೀಳುತ್ತೆ ಬಿಡು. ಯಾರದಿದು?"

"ಆಸ್ಪತ್ರೆ ಮಾಲೀದು. ಹುಲ್ಲು ಕತ್ತರಿಸೋ ಪುಟ್ಟ ಟ್ರ್ಯಾಕ್ಟರ್ ಇದೆಯಲ್ಲ, ಅವನಿಗಿಂತ ಹಳೇದು, ಅದರ ಸೀಟು. ಮಳೆ ನೀರು ನಿಲ್ಲಬಾರದು ಅಂತ ತೂತು. ಉಜ್ಜಿ ಉಜ್ಜಿ, ನಿಲ್ಲಿಸಬೇಡಿ. ನಿಮ್ಮ ಕೈಯಲ್ಲಿ ತುಕ್ಕು ಹೋದಷ್ಟೂ ನನಗೆ ಕೆಲಸ ಕಮ್ಮಿ."

ನಾದಿನಿ ಅಂದರೆ ನಮ್ಮ ಯಜಮಾನರ ತಂಗಿ. ಊರಿಗೆಲ್ಲ ಸೀಟಕ್ಕ. ಅವಳ ಗಂಡ ಕುಶನ್ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನು, ರೆಕ್ಸಿನ್ ಸುರುಳಿ, ಸ್ಪಂಜಿನ ಹಾಳೆ, ದಬ್ಬಳದ ಡಬ್ಬಿ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ನಮ್ಮ ಮನೆಗೆ ಬಂದಳು. ಅಳುತ್ತಾ ಬರ್ತಾಳೆ, ಸಮಾಧಾನ ಮಾಡಬೇಕು ಅಂತ ನಾವು ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರೆ, "ಬೀದಿ ಕಡೆ ಕೋಣೆ ಖಾಲಿ ಮಾಡಿಕೊಡಿ ಅತ್ತಿಗೆ, ಮಳೇಲಿ ಮೆಷಿನ್ನು ನೆನೀತಿದೆ" ಅಂದಳು. ಅವತ್ತಿನಿಂದ ನಮ್ಮನೆ ಹಾಲು ಮೊಸರೂ ರೆಕ್ಸಿನ್ ಅಂಟಿನ ವಾಸನೆ ಹೊಡೆಯೋಕೆ ಶುರುವಾಯಿತು.

ಸ್ಕೂಟರ್ ಸೀಟು, ಕ್ಷೌರದಂಗಡಿ ಕುರ್ಚಿ, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲಕ್ಕೂ ಅವಳೇ. ಟೇಪು ಹಿಡಿದದ್ದನ್ನು ನಾನು ನೋಡಿದವಳಲ್ಲ. ಎಲ್ಲ ಕಣ್ಣಳತೆ. ಒಂದು ಕಣ್ಣು ಮುಚ್ಚಿ, ನಾಲಿಗೆ ತುದಿ ಕಚ್ಚಿಕೊಂಡು ಒಂದು ಸಲ ನೋಡಿದಳೋ, ಕತ್ತರಿ ಹಾಕಿದಳೇ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಬರಬರುತ್ತಾ ಅದೇ ಅಭ್ಯಾಸ ಆಗಿ ಬೀದೀಲಿ ಹೋಗುವವರನ್ನೂ ಅಳೆಯುತ್ತಿದ್ದಳು. "ಹಲ್ಲಿನ ಡಾಕ್ಟ್ರು ಅಗಲ ಆಗಿದ್ದಾರೆ ಅತ್ತಿಗೆ, ಬರೋ ವರ್ಷ ಕುರ್ಚಿ ಬಿಚ್ಚಬೇಕಾಗುತ್ತೆ" ಅನ್ನೋಳು. ನಮ್ಮ ಮನೆ ಮುಂದೆ ಹಾದುಹೋಗುವ ಗಂಡಸರು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ.

ಮಾಲಿಯ ಸೀಟು ಬಂದ ವರ್ಷ ಅವಳು ಬಲ್ಬಿನ ಮೇಲೆ ಜಗಳ ತೆಗೆದಳು. ಬಲ್ಬು ಮಂಕು ಅಂದಳು, ನಮ್ಮ ಯಜಮಾನರು ಬದಲಾಯಿಸಿದರು. ಅದೂ ಮಂಕು ಅಂದಳು, ಇನ್ನೂ ದೊಡ್ಡದು ತಂದರು. ಕೋಣೆಯಲ್ಲಿ ನಮಗೆಲ್ಲ ಕಣ್ಣು ಕುಕ್ಕುತ್ತಿದ್ದರೆ ಇವಳು, "ಈಗಿನ ಕಾಲದ ಬಲ್ಬುಗಳಲ್ಲಿ ಸತ್ವ ಇಲ್ಲ" ಅಂತ ಗೊಣಗುತ್ತಿದ್ದಳು. ಆಮೇಲೊಂದು ದಿನ ಊಟಕ್ಕೆ ಕರೆದೆ. ಎದ್ದು ಬಂದಳು. ಹಿಂದೆಯೇ ಸ್ಕೂಟರ್ ಸೀಟೂ ಎದ್ದು ಬಂತು. ತನ್ನ ಬಟ್ಟೆಯ ಅಂಚನ್ನೂ ಸೇರಿಸಿ ಹೊಲಿದುಕೊಂಡಿದ್ದಳು.

ನಾನು ನಗುತ್ತಾ ಹೊಲಿಗೆ ಬಿಚ್ಚುತ್ತಿದ್ದೆ. ನಮ್ಮ ಯಜಮಾನರು ನಗಲಿಲ್ಲ.

"ನೋಡಮ್ಮ, ಇವತ್ತು ಬಟ್ಟೆ, ನಾಳೆ ಬೆರಳು. ಮೆಷಿನ್ನು ಯಾರಿಗಾದರೂ ಕೊಟ್ಟುಬಿಡೋಣ. ನಾನಿಲ್ವಾ? ಮನೇಲಿ ಆರಾಮಾಗಿ ಕೂತು ತಿನ್ನು."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಕೂತು ತಿನ್ನು ಅಂದದ್ದಕ್ಕೆ ತಟ್ಟೆ ಸರಿಸಿಬಿಟ್ಟಳು. "ಊರಿಗೆಲ್ಲ ಕೂರೋಕೆ ಜಾಗ ಮಾಡಿಕೊಟ್ಟೋಳು ನಾನು. ನನ್ನನ್ನೇ ಕೂರಿಸ್ತೀಯಾ ಅಣ್ಣ?"

ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದ ಮೊಂಡರು. ಜಗ್ಗಾಡಿ ಜಗ್ಗಾಡಿ ಕೊನೆಗೆ ಒಂದು ಮಾತಿಗೆ ಬಂದರು. ಕೈಯಲ್ಲಿರುವ ಮಾಲಿಯ ಸೀಟು ಮಾಡಿಕೊಡಲಿ. ಮಾಲಿ ಅದರ ಮೇಲೆ ಒಂದು ದೂರು ಹೇಳಿದರೂ ಮೆಷಿನ್ನು ಮನೆಯಿಂದಾಚೆ. ಹೇಳದಿದ್ದರೆ ಯಜಮಾನರು ಆ ಸುದ್ದಿ ಎತ್ತುವ ಹಾಗಿಲ್ಲ.

ಮಾಲಿ ಮೂಳೆ ಚಕ್ಕಳದ ಮನುಷ್ಯ. ಆ ತಗಡಿನ ಮೇಲೆ ಗೋಣಿಚೀಲ, ದಿಂಬು, ಹಳೇ ಕೋಟು ಎಲ್ಲ ಹಾಕಿ ನೋಡಿದ್ದನಂತೆ. "ಎಲುಬಿಗೂ ಕಬ್ಬಿಣಕ್ಕೂ ನಡುವೆ ಏನಾದರೂ ಒಂದು ಬೇಕು ಸೀಟಕ್ಕ, ಕಪ್ಪು ರೆಕ್ಸಿನ್ ಹಾಕಿಕೊಡಿ, ಅಷ್ಟೇ" ಅಂದಿದ್ದ. ಇವಳು ಪಾಪ ಅಂತ ಸ್ಪಂಜಿನ ಮೇಲೆ ಸ್ಪಂಜು ಅಂಟಿಸಿದಳು. ನಾನು ಒಗೆದ ಬಟ್ಟೆ ಮಡಿಸುತ್ತಾ ನೋಡಿದೆ.

"ಸ್ವಲ್ಪ ಉಬ್ಬಿದ ಹಾಗಿಲ್ವಾ?"

"ಕೂತರೆ ಇಳಿಯುತ್ತೆ. ಇಳಿದ ಮೇಲೆ ರೆಕ್ಸಿನ್ ಹೊಲೀತೀನಿ."

ಬೇರೆ ಯಾರು ಕೂತಿದ್ದರೂ ಇಳಿಯುತ್ತಿತ್ತು. ಮಾಲಿಗೆ ಇಳಿಸುವಷ್ಟು ಭಾರವೇ ಇರಲಿಲ್ಲ. ಹುಲ್ಲುಹಾಸಿನ ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗಿತು, ಮಾಲಿ ನೇರ ಹೋದ. ಹೂವಿನ ಪಾತಿಯಲ್ಲಿ ಬಿದ್ದವನು ಎದ್ದು ನೋಡಿದರೆ, ಟ್ರ್ಯಾಕ್ಟರ್ ತನ್ನ ಪಾಡಿಗೆ ತಾನು ಹುಲ್ಲು ಕತ್ತರಿಸಿಕೊಂಡು ಹೋಗುತ್ತಿತ್ತಂತೆ, ಇವನಿದ್ದಾಗಿನದಕ್ಕಿಂತ ನೆಟ್ಟಗೆ. ನಡಿಗೆಯಷ್ಟೇ ಅದರ ವೇಗವಾದ್ದರಿಂದ ಓಡಿ ಹಿಡಿದ.

ಸಂಜೆ ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಸೀಟು ಹಿಡಿದುಕೊಂಡು ಬಂದ. "ಸೀಟಕ್ಕ, ಇದು ಸೀಟಲ್ಲ, ಗುಡ್ಡ."

ಯಜಮಾನರು ಒಳಗೆ ಸ್ನಾನಕ್ಕೆ ಹೋಗಿದ್ದರು. ನಾನು ಬಾಯಿ ಮೇಲೆ ಬೆರಳಿಟ್ಟು, ಪಣದ ವಿಷಯ ಪಿಸುಗುಟ್ಟಿದೆ. ಮಾಲಿ ತುಂಬಾ ಯೋಚನೆ ಮಾಡಿದ.

"ಹಾಗಾದರೆ ನಾನು ದೂರು ಹೇಳೋಕೆ ಬಂದಿಲ್ಲ ಅಂತಿಟ್ಕೊಳ್ಳಿ. ಬಿದ್ದದ್ದು ಹೇಳೋಕೆ ಬಂದೆ. ದೂರು ಬೇರೆ, ಬೀಳೋದು ಬೇರೆ."

ನಾದಿನಿ ಸೀಟನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಾ ಕೂತಳು. ಕೆಲಸವಿಲ್ಲದೆ ಸುಮ್ಮನೆ ಕೂತವಳೇ ಅಲ್ಲ ಅವಳು, ಅವತ್ತು ಕೂತಳು. "ಉಬ್ಬು ನನಗೆ ಕಾಣಲೇ ಇಲ್ಲ ಅತ್ತಿಗೆ. ಮಜ್ಜಿಗೆಯೊಳಗಿಂದ ನೋಡಿದ ಹಾಗೆ ಕಾಣುತ್ತೆ ಎಲ್ಲ."

"ಅದು ಪೊರೆ," ಅಂದ ಮಾಲಿ. "ನಮ್ಮ ಆಸ್ಪತ್ರೇಲಿ ದಿನಾ ತೆಗೀತಾರೆ. ವರಾಂಡದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಸಾಲಾಗಿ ಕೂತಿರ್ತಾರೆ, ನೋಡಿದರೆ ಎಲ್ಲರೂ ಏನೋ ಕದ್ದು ಬಂದ ಹಾಗಿರುತ್ತೆ."

"ಈಗ ಹೋಗಿ ಮಲಗಿದರೆ ಅಣ್ಣ ಮೆಷಿನ್ನು ಸಾಗಿಸ್ತಾನೆ. ಮೊದಲು ಸೀಟು, ಆಮೇಲೆ ಕಣ್ಣು." ಆಮೇಲೆ ಮಾಲಿಯನ್ನು ಕೇಳಿದಳು, "ನಿನ್ನ ಹತ್ತಿರ ಒಳ್ಳೇ ಜೇಡಿಮಣ್ಣು ಇದೆಯೇನಪ್ಪ?"

ಮಾರನೇ ದಿನ ಮಾಲಿ ಒಂದು ಬಕೆಟ್ ಮಣ್ಣು ತಂದ, ಸೋಸಿ ನಾದಿದ್ದು. ನಾದಿನಿ ಸ್ಪಂಜೆಲ್ಲ ಕಿತ್ತು, ತಗಡನ್ನು ಬೀದಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಅದರ ತುಂಬ ಮಣ್ಣು ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿದಳು.

"ಕೂತ್ಕೋ."

"ಬೀದಿ ಬಾಗಿಲಲ್ಲಾ ಸೀಟಕ್ಕ?"

"ಒಳಗೆ ಬೆಳಕಿಲ್ಲ. ಕೂತ್ಕೋ, ಟ್ರ್ಯಾಕ್ಟರ್ ಓಡಿಸೋ ಹಾಗೆ. ಬಲಕ್ಕೆ ತಿರುಗಿಸು. ಈಗ ಎಡಕ್ಕೆ."

ಮಾಲಿ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ ಕೂತ. ಹಾಲಿನವನು ಸೈಕಲ್ ನಿಲ್ಲಿಸಿ ಕೇಳಿದ, "ಏನು ಮಾಲಿ, ಕಾವಿಗೆ ಕೂತಿದ್ದೀಯಾ? ಮರಿ ಯಾವಾಗ?"

ಅಷ್ಟರಲ್ಲಿ ನಮ್ಮ ಯಜಮಾನರೂ ಬಂದರು. "ಏನಯ್ಯ ಇದು? ಸೀಟು ಸರಿಯಿಲ್ವಾ? ಏನಾದರೂ ದೂರಿದ್ದರೆ ಹೇಳು."

"ದೂರಾ? ಅಳತೆ ಕೊಡ್ತಾ ಇದ್ದೀನಿ ಯಜಮಾನ್ರೇ," ಅಂದ ಮಾಲಿ, ಎಡಕ್ಕೆ ತಿರುಗುತ್ತಾ.

ಅವನೆದ್ದ ಮೇಲೆ ನಾದಿನಿ ಕಣ್ಣು ಮುಚ್ಚಿಕೊಂಡು ಮಣ್ಣಿನ ಗುರುತನ್ನೆಲ್ಲ ಬೆರಳಲ್ಲಿ ತಡವಿದಳು. ಎರಡು ಕಡೆ ಎಲುಬು ಊರಿದ ಗುಳಿ, ಬಲಗಡೆಯದು ಸ್ವಲ್ಪ ಆಳ. "ಕಣ್ಣಳತೆ ಹೋದರೆ ಹೋಗಲಿ ಅತ್ತಿಗೆ, ಇನ್ನು ಕೂತಳತೆ," ಅಂದಳು. ಗುಳಿ ಇದ್ದಲ್ಲಿ ಮೆತ್ತಗಿನ ಸ್ಪಂಜು, ಸುತ್ತ ಗಟ್ಟಿಯದು, ಅಂಚಿಗೆ ಜಾರದ ಹಾಗೆ ಸಣ್ಣ ಏರಿ. ತೂತುಗಳ ನೇರಕ್ಕೆ ಸ್ಪಂಜಿಗೂ ತೂತು. ಮೂಲೆಯಲ್ಲಿದ್ದ ಕಪ್ಪು ಸುರುಳಿ ಎಳೆದು ಹೊಲಿದು, ದಬ್ಬಳದಲ್ಲಿ ಹುರಿ ಹಾಕಿ ತಳದಲ್ಲಿ ಬಿಗಿದಳು. ಬೆರಳು ಸವರಿಕೊಂಡೇ ಹೊಲಿದದ್ದರಿಂದ ಒಂದು ಕಡೆಯೂ ಸೊಟ್ಟ ಇರಲಿಲ್ಲ.

ಮಾಲಿ ಅದನ್ನು ಹೆಗಲ ಮೇಲಿಟ್ಟುಕೊಂಡು ಬಿಸಿಲಿಗೆ ಹೋದ. ಆಗ ಗೊತ್ತಾಯಿತು ಅದು ಕಪ್ಪಲ್ಲ ಅಂತ. ಬದನೆಕಾಯಿ ಬಣ್ಣ. ಬದನೆಕಾಯಿಯಾದರೂ ಸುಮ್ಮನಿರುತ್ತೆ, ಇದರ ಮೈತುಂಬ ಮಿಂಚು ಚುಕ್ಕಿ. ಎಂದೋ ಬ್ಯಾಂಡ್ ಬಾರಿಸುವವರ ವ್ಯಾನಿಗೆ ಹಾಕಿ ಮಿಕ್ಕಿದ್ದ ಸುರುಳಿ. ಬೀದಿಯುದ್ದಕ್ಕೂ ಮಾಲಿಯ ಹೆಗಲು ಫಳಫಳ ಹೊಳೆಯುತ್ತಾ ಹೋಯಿತು. ಬಾಗಿಲಲ್ಲಿ ನಿಂತ ನಾದಿನಿ, "ಕಪ್ಪು ಎಷ್ಟು ಗಂಭೀರವಾಗಿ ಕಾಣುತ್ತೆ ನೋಡಿ" ಅಂದಳು. ನಾನು ಹೂಂ ಅಂದೆ. ನಮ್ಮ ಯಜಮಾನರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, ಅಂಗಿ ಹಾಕಿಕೊಂಡು ಹೊರಟರು. ನಾನೂ ಹಿಂದೆಯೇ ಹೊರಟೆ.

ಆಸ್ಪತ್ರೆ ಹುಲ್ಲಿನ ಮೇಲೆ ಮಾಲಿ ರಾಜನ ಹಾಗೆ ಕೂತು ಹೋಗುತ್ತಿದ್ದ. ಯಜಮಾನರು ಪಕ್ಕದಲ್ಲಿ ನಡೆಯುತ್ತಾ ಕೇಳಿದರು, "ನೀನು ಕೇಳಿದ್ದು ಕಪ್ಪು ತಾನೇ?"

"ಹೌದು ಯಜಮಾನ್ರೇ."

"ಇದು ಕಪ್ಪಾ?"

"ನೋಡಿಲ್ಲ."

"ಇಳಿದು ನೋಡು ಮತ್ತೆ."

"ಇಳಿಯೋಕೆ ಮನಸ್ಸಿಲ್ಲ. ಯಾವ ಬಣ್ಣ ಆದರೇನು, ಅದರ ಮೇಲೆ ನಾನೇ ಮುಚ್ಚಿಕೊಂಡು ಕೂತಿರ್ತೀನಲ್ಲ."

ಯಜಮಾನರು ಒಂದು ಸುತ್ತು ಪೂರ್ತಿ ಅವನ ಜೊತೆ ನಡೆದರು. ಎಷ್ಟು ಕೆದಕಿದರೂ ದೂರು ಹುಟ್ಟಲಿಲ್ಲ. ವಾಪಸ್ಸು ಬಂದು ತಂಗಿಯ ಮುಂದೆ ಗಂಟಲು ಸರಿಮಾಡಿಕೊಂಡು, "ಚೆನ್ನಾಗಿದೆಯಂತೆ" ಅಂದರು. ಮೆಷಿನ್ನಿನ ಮಾತು ಎತ್ತಲಿಲ್ಲ. ಅವತ್ತೇ ನಾದಿನಿ, "ಹಾಗಾದರೆ ನನ್ನನ್ನು ಕಣ್ಣಿನ ಆಪರೇಷನ್ನಿಗೆ ಸೇರಿಸಿ" ಅಂದಳು.

ಪಟ್ಟಿ ಬಿಚ್ಚಿದ ದಿನ ನಾವಿಬ್ಬರೂ ಅವಳ ಮಂಚದ ಪಕ್ಕದಲ್ಲೇ ಇದ್ದೆವು. ಮೊದಲು ನನ್ನ ಮುಖ ನೋಡಿ, "ಅತ್ತಿಗೆ, ಯಾವಾಗ ಇಷ್ಟು ವಯಸ್ಸಾಯ್ತು ನಿಮಗೆ?" ಅಂದಳು. ಆಮೇಲೆ ಕಿಟಕಿಯಾಚೆ ನೋಡಿ ಹುಬ್ಬು ಗಂಟಿಕ್ಕಿದಳು. ಹೊರಗೆ ಮಾಲಿ ಇಳಿದು ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದ.

"ಅದೇನದು, ಹುಲ್ಲಿನ ಮೇಲೆ ಅಷ್ಟು ದೊಡ್ಡ ಬದನೆಕಾಯಿ?"

"ನಿನ್ನ ಸೀಟು."

"ನಿಮಗೆ ಕಾಣಿಸಿತ್ತಾ?"

"ನನಗೂ ಕಾಣಿಸಿತ್ತು. ನಿನ್ನಣ್ಣನಿಗೂ ಕಾಣಿಸಿತ್ತು."

ಅಣ್ಣನ ಕಡೆ ತಿರುಗಿದಳು. ಅವರು ಚಾವಣಿಯಲ್ಲಿ ಏನೋ ಹುಡುಕುತ್ತಿದ್ದರು.

ಕಪ್ಪು ಕನ್ನಡಕ ಏರಿಸಿಕೊಂಡು ಚಪ್ಪಲಿ ಮೆಟ್ಟಿದಳು. ನರ್ಸಮ್ಮ ಕೂಗುತ್ತಲೇ ಇದ್ದರು. ಅವಳು ಬರುವ ರಭಸ ನೋಡಿದ್ದೇ ಮಾಲಿ ನೀರು ಉಗಿದು, ಓಡಿ ಹೋಗಿ ಸೀಟಿನ ಮೇಲೆ ಕೂತುಬಿಟ್ಟ.

"ಏಳು ಮೇಲೆ. ನನ್ನ ಮಾನ ಕಳೀತಿದ್ದೀಯ. ಕಪ್ಪು ಹಾಕ್ಕೊಡ್ತೀನಿ."

"ಎದ್ದರೆ ತಾನೇ ನೀವು ತಗೊಳ್ಳೋದು?"

ಟ್ರ್ಯಾಕ್ಟರ್ ಹೊರಟಿತು. ಅವಳೂ ಪಕ್ಕದಲ್ಲೇ ಹೊರಟಳು. ಇವನಿಗೆ ಅದಕ್ಕಿಂತ ಜೋರಾಗಿ ಓಡಿಸೋಕಾಗದು, ಇವಳಿಗೆ ಬಿಟ್ಟುಬರೋಕಾಗದು. ಹುಲ್ಲಿನ ಸುತ್ತ ಬೈಯುತ್ತಾ ಒಬ್ಬಳು, ತಲೆಯಾಡಿಸುತ್ತಾ ಒಬ್ಬ. ವರಾಂಡದ ಕಪ್ಪು ಕನ್ನಡಕಗಳೆಲ್ಲ ಸಾಲಾಗಿ ಅತ್ತ ಇತ್ತ ತಿರುಗುತ್ತಿದ್ದವು.

ಯಜಮಾನರು ಕಿಟಕಿಗೆ ಮೊಣಕೈ ಊರಿಕೊಂಡು ನೋಡುತ್ತಾ, "ಏ ಇವಳೇ, ಅಷ್ಟೊಂದು ಬಲ್ಬು ಬದಲಾಯಿಸಿದ್ದು ದಂಡವಾಯ್ತಲ್ಲ" ಅಂದರು.

ಮನೆಗೆ ಬಂದವರು ಅಂಗಿ ಕೂಡ ಬಿಚ್ಚಲಿಲ್ಲ. ಬೀದಿ ಕೋಣೆಗೆ ಹೋಗಿ, ಅವಳ ಮೆಷಿನ್ನಿನ ಧೂಳು ಒರೆಸಿ, ತೂತು ತೂತಿಗೂ ಎಣ್ಣೆ ಬಿಟ್ಟರು.