ಬಾಗಿಲು ಮುಂದ ಮಾಡ್ರಿ

ಅವರು ಸ್ಕ್ರೂಗಳನ್ನು ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದರು. ಎಲೆಯಡಿಕೆಯಿಂದ ಕೆಂಪಾದ ತುಟಿಯ ಎಡಮೂಲೆಯಲ್ಲಿ ಸ್ಕ್ರೂ, ಬಲಮೂಲೆಯಿಂದ ಮಾತು. ಮೊದಲ ಸಲ ನಮ್ಮ ಒಂಬತ್ತನೇ ಮಹಡಿಯ ಬಾಲ್ಕನಿ ಬಾಗಿಲ ಮುಂದೆ ಅವರು ಹಾಗೆ ಕುಕ್ಕರುಗಾಲಲ್ಲಿ ಕೂತಾಗ, ಏನೇನು ಆಗಬಹುದೆಂದು ನಾನು ಎಣಿಸತೊಡಗಿದೆ. ಸ್ಕ್ರೂ ಗಂಟಲಿಗೆ ಇಳಿಯಬಹುದು. ಕೆಮ್ಮಿದರೆ ಶ್ವಾಸಕೋಶಕ್ಕೂ ಹೋಗಬಹುದು. ಗಾಬರಿಯಲ್ಲಿ ಅವರು ಬಾಗಿಲಿಗೆ ಆತುಕೊಂಡರೆ ಎರಡು ಪದರದ ಗಾಜೂ ಒಡೆಯಬಹುದು. ಒಡೆದದ್ದು ಕೆಳಗೆ ನಿಂತ ಕಾರಿನ ಮೇಲೆ ಬೀಳಬಹುದು, ಆ ಕಾರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯದೇ ಆಗಿರಬಹುದು. ಬಾಗಿಲೇ ಕಳಚಿಕೊಂಡು ಇವರ ಸಮೇತ ಹೋಗಬಹುದು. ಪೊಲೀಸರು ಬಂದು ತೆಲುಗಿನಲ್ಲಿ ಪ್ರಶ್ನೆ ಕೇಳಬಹುದು, ನನ್ನ ತೆಲುಗು ಕೇಳಿ ಅವರ ಅನುಮಾನ ಗಟ್ಟಿಯಾಗಬಹುದು. ಇಷ್ಟರಲ್ಲಿ ಆದದ್ದು ಒಂದೇ. ಒಂದು ಸ್ಕ್ರೂ ಅವರ ತುಟಿಯಿಂದ ಜಾರಿ ಸೋಫಾದ ಸಂದಿಗೆ ಬಿತ್ತು. ಅದು ಸಿಗುವವರೆಗೆ ಕೆಲಸ ನಿಲ್ಲಿಸಿ, ಅದೇ ಸೋಫಾದ ಮೇಲೆ ಕೂತು, ಅವರು ಎರಡು ಸಲ ಚಹಾ ಕುಡಿದರು.

ನಮ್ಮ ಮನೆಯಲ್ಲಿ ಅವರನ್ನು ಹ್ಯಾಂಡಲ್‌ನವರು ಎಂದೇ ಕರೆಯುತ್ತಿದ್ದೆವು. ಯಾದಗಿರಿ ಕಡೆಯವರು. ಹೈದರಾಬಾದಿನ ಈ ಭಾಗದ ಬಂಡೆಗಳನ್ನೆಲ್ಲ ಸಿಡಿಸಿ ಗಾಜಿನ ಆಫೀಸುಗಳನ್ನು ಎಬ್ಬಿಸುತ್ತಿದ್ದ ವರ್ಷಗಳಲ್ಲಿ ಕಲ್ಲು ಹೊರಲು ಬಂದವರು, ಆಮೇಲೆ ಯಾವುದೋ ಗುತ್ತಿಗೆದಾರನ ಕೈಕೆಳಗೆ ಕಿಟಕಿ ಕೂಡಿಸುವುದನ್ನು ಕಲಿತು ಸ್ವಂತ ರಿಪೇರಿಗೆ ಇಳಿದಿದ್ದರು. ನಾನು ಮೈಸೂರಿನವನು, ಬಾಲಾನಗರದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ತಪ್ಪು ಹುಡುಕುವ ಇನ್‌ಸ್ಪೆಕ್ಟರ್. ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆಂದು ತಿಳಿಯುವ ಮೊದಲೇ ಆ ಕೆಲಸವನ್ನು ನಾನು ಮನೆಯಲ್ಲಿ ಪುಕ್ಕಟೆಯಾಗಿ ಮಾಡಿಕೊಂಡಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಫ್ಲ್ಯಾಟ್ ಮಾರಿದ ಬಿಲ್ಡರ್ ಎರಡು ಪದರದ ಗಾಜನ್ನು ಬೆರಳಲ್ಲಿ ತಟ್ಟಿ ತೋರಿಸಿದ್ದ: ಎದುರಿಗೆ ಬಂಡೆ ಸಿಡಿಸಿದರೂ ಒಳಗೆ ಸದ್ದು ಬರುವುದಿಲ್ಲ. ಅದು ನಿಜವಾಗಿತ್ತು. ಆ ನಿಜದಿಂದಲೇ ನಮ್ಮ ಕಷ್ಟ ಶುರುವಾದದ್ದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಬಂದಿದ್ದಳು. ಅವಳ ನೆನಪು ಆಗಲೇ ಅಲ್ಲಲ್ಲಿ ತೂತು ಬೀಳುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಎದ್ದು ಕಿವಿಗೊಟ್ಟು ನಿಂತುಬಿಡುತ್ತಿದ್ದಳು. "ಯಾಕೋ ಇಷ್ಟು ಮೌನ? ಬೀದೀಲಿ ಯಾರೋ ಹೋಗ್ಬಿಟ್ಟಿದಾರೆ ಕಣೋ. ನೋಡ್ಕೊಂಡು ಬರ್ತೀನಿ ಇರು." ಬೀದಿ ಒಂಬತ್ತು ಮಹಡಿ ಕೆಳಗಿದೆ ಎಂಬುದು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬಾಲ್ಕನಿಗೆ ಹೋಗಿ, ಕಟಕಟೆಯ ಮೇಲೆ ಸೊಂಟದವರೆಗೂ ಬಗ್ಗುತ್ತಿದ್ದಳು. ಒಮ್ಮೆ ನನ್ನ ಹೆಂಡತಿ ಸೀರೆ ಹಿಡಿದು ಎಳೆದುಕೊಂಡಳು. ಅಂದಿನಿಂದ ಆ ಬಾಗಿಲಿಗೆ ಬೀಗ ಬೀಳಲೇಬೇಕಿತ್ತು. ಬೀಗ ಬೀಳುತ್ತಿರಲಿಲ್ಲ. ಹ್ಯಾಂಡಲ್ ಅಲುಗಾಡುವ ಹಲ್ಲಿನ ಹಾಗೆ ಜೋಲುತ್ತಿತ್ತು. ಬಾಗಿಲು ಕೂಡಿಸಿದ ಕಂಪನಿಯವರ ಫೋನು ಯಾವಾಗಲೂ ಬಂದ್.

ವಾಚ್‌ಮನ್ ಕೊಟ್ಟ ನಂಬರಿಗೆ ನನ್ನ ಹರಕು ಹಿಂದಿಯಲ್ಲಿ ಮಾತಾಡಿ ಇವರನ್ನು ಕರೆಸಿದ್ದೆ. ಅಂದು ಬಾಗಿಲು ನೋಡಿ ಅವರು, "ಕಾಮ್ ಬಹುತ್ ಹೈ ಸಾಬ್" ಎಂದು ತಲೆಯಾಡಿಸಿದರು. ನಾನು ಹೆಂಡತಿಯ ಕಡೆ ತಿರುಗಿ, "ಕರ್ಮ, ಇನ್ನು ಎಷ್ಟು ಹೊತ್ತು ತಲೆ ತಿಂತಾನೋ" ಎಂದೆ.

"ಭಾಳ ಹೊತ್ತು ತಿನ್ನಂಗಿಲ್ಲರಿ ಸಾಹೇಬ್ರ," ಎಂದರು ಅವರು, ಬಲಮೂಲೆಯಿಂದ. ಆಮೇಲೆ ಸ್ಕ್ರೂಗಳನ್ನೆಲ್ಲ ಅಂಗೈಗೆ ಉಗಿದು, ಬಾಯಿ ತುಂಬ ನಕ್ಕರು. "ಅಯ್ಯ, ನಮ್ಮೋರಾ ಅದೀರಿ! ಮೊದಲಾ ಹೇಳಬಾರದೇನ್ರಿ?"

ನಾನು ನಾಚಿಕೆಯಿಂದ ಕುಗ್ಗಿದೆ. ಭಾಷೆ ಒಂದೇ ಆಯಿತು, ಇನ್ನು ಕೆಲಸ ಸಲೀಸು ಎಂದೂ ಅಂದುಕೊಂಡೆ. ಅದು ನನ್ನ ಜೀವನದ ದೊಡ್ಡ ತಪ್ಪು ಅಂದಾಜುಗಳಲ್ಲಿ ಒಂದು. ಕಾರಣ, ಹ್ಯಾಂಡಲ್‌ನವರ ಲೆಕ್ಕದಲ್ಲಿ ಬೇರೆಯವರ ಮನೆಗೆ ಸಮಯಕ್ಕೆ ಸರಿಯಾಗಿ ಹೋಗಬೇಕು, ಅವರು ಬೈಯುತ್ತಾರೆ. ನಮ್ಮೋರ ಮನೆಗೆ ಯಾವಾಗ ಹೋದರೂ ನಡೆಯುತ್ತದೆ. "ನಮ್ಮೋರಾದ ಮ್ಯಾಲ ಅವಸರ ಯಾಕ್ರಿ?" ಎಂದು ಅವರು ಕೇಳಿದಾಗ ನಾನು ಸಿಟ್ಟಿನಿಂದ ಗಡಿಯಾರ ತೋರಿಸುತ್ತಿದ್ದೆ.

ಇನ್ನು ಅವರ "ಬಂದೆನ್ರಿ". ಫೋನ್ ಮಾಡಿದರೆ ಮೊದಲು ಕಾಲರ್ ಟ್ಯೂನಿನ ಭಜನೆ, ಪೂರ್ತಿ ಒಂದು ನುಡಿ. ಆಮೇಲೆ, "ಬಂದೆನ್ರಿ ಸಾಹೇಬ್ರ!" ಬಂದೆ ಎಂದರೆ ಬಂದಾಯಿತು ಎಂದುಕೊಂಡು ನಾನು ಹೋಗಿ ಲಿಫ್ಟಿನ ಎದುರು ನಿಂತದ್ದೂ ಉಂಟು. ಅವರು ಬಾಲಾನಗರದಲ್ಲಿ ಇದ್ದರೂ ಬಂದೆನ್ರಿ, ಊಟಕ್ಕೆ ಕೂತಿದ್ದರೂ ಬಂದೆನ್ರಿ, ಒಮ್ಮೆ ಯಾದಗಿರಿಯ ಮದುವೆ ಮನೆಯಿಂದಲೂ ಬಂದೆನ್ರಿ. ಹಿಂದೆ ಓಲಗ ಕೇಳಿಸುತ್ತಿತ್ತು.

ಮೊದಲ ದಿನ ಬಿಗಿ ಮಾಡಿದ ಹ್ಯಾಂಡಲ್ ಸ್ವಲ್ಪ ಕಾಲ ನಿಂತು ಮತ್ತೆ ಜೋಲಿತು. ಫೋನು, ಭಜನೆ, ಬಂದೆನ್ರಿ. ನಾನು ಕೂಗಾಡಿದ್ದಕ್ಕೆ ಅವರು ಉಪಾಯ ಹೇಳಿಕೊಟ್ಟರು: "ನಾ ಬರೂತನಕ ಹಿಂಗ ಮಾಡ್ರಿ. ಬಾಗಲಾ ಮುಂದ ಮಾಡ್ರಿ. ಆಮ್ಯಾಲ ಹ್ಯಾಂಡಲ್ ಒಳಗ ಒತ್ತಿ ಜಬರ್ದಸ್ತ್ ತಿರುವ್ರಿ. ಕೊಂಡಿ ಕುಂದರತಾವ."

ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಬಾಲ್ಕನಿ ಬಾಗಿಲು ಹೊರಗೆ ತೆರೆಯುವಂಥದ್ದು. ಅದನ್ನು ಮುಂದೆ ಮಾಡಿದೆ, ಎಂದರೆ ಹೊರಕ್ಕೆ ತಳ್ಳಿದೆ, ಇನ್ನು ತಳ್ಳಲಾಗದು ಎನ್ನುವಷ್ಟು. ಆಮೇಲೆ ಹ್ಯಾಂಡಲ್ ಒತ್ತಿ ಜಬರ್ದಸ್ತಾಗಿ ತಿರುವಿದೆ. ಬಾಗಿಲ ಅಂಚಿನ ಉದ್ದಕ್ಕೂ ಉಕ್ಕಿನ ಕೊಂಡಿಗಳು ಹೊರಗೆ ಹಾರಿ ಹಾಗೇ ಬಿಗಿದುಕೊಂಡವು. ಇನ್ನು ಬಾಗಿಲು ಎಳೆದರೆ ಕೊಂಡಿಗಳು ಚೌಕಟ್ಟಿಗೆ ಬಡಿಯುತ್ತವೆ. ಬೀಗ ಬೀಳದಿದ್ದ ಬಾಗಿಲು ಈಗ ಮುಚ್ಚಲೂ ಬಾರದ ಬಾಗಿಲಾಯಿತು. ಎದುರಿಗೆ ಸಿಡಿಸುತ್ತಿದ್ದ ಬಂಡೆಯ ಪುಡಿಯೆಲ್ಲ ಹಾಲ್‌ಗೆ. ಅಮ್ಮನಿಗೆ ಬಹಳ ಸಂತೋಷ: "ಈಗ ಸರಿಹೋಯ್ತು ನೋಡು, ಸದ್ದು ಬರ್ತಿದೆ!" ನಾನು ರಜೆ ಹಾಕಿ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ದ್ವಾರಪಾಲಕನ ಹಾಗೆ ಕೂತೆ. ಬಚ್ಚಲಿಗೆ ಹೋಗಬೇಕಾದರೆ ಹೆಂಡತಿಯನ್ನು ಕೂರಿಸಿ ಹೋಗುತ್ತಿದ್ದೆ.

ಮರುದಿನ ಅವರು ಬಂದು ನೋಡಿದರು. "ತೆಗದು ಇಟ್ಟು ಯಾಕ ತಿರುವಿದ್ರಿ? ಮುಂದ ಮಾಡ್ರಿ ಅಂದಿನಲ್ಲ!"

"ಮುಂದೆ ಮಾಡಿಯೇ ಅಲ್ಲವೇನ್ರೀ ಹೀಗಾಗಿದ್ದು? ಇನ್ನೆಷ್ಟು ಮುಂದೆ ಮಾಡಲಿ? ಮುಂದೆ ಬಾಲ್ಕನಿ, ಅದರ ಮುಂದೆ ಆಕಾಶ!"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮುಂದ ಮಾಡೂದು ಅಂದ್ರ ಹಾಕೂದ್ರಿ. ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತೈತಿ."

"ಹಾಕಿ ಅಂತ ಹೇಳೋಕೇನು? ಮುಚ್ಚಿ ಅನ್ನೋಕೇನು?"

"ಸಾಹೇಬ್ರ!" ಅವರು ಎರಡೂ ಕೆನ್ನೆ ಮುಟ್ಟಿಕೊಂಡರು. "ಇದ್ದ ಮನಿ ಬಾಗಲಾ ಮುಚ್ಚು ಅಂತ ಯಾರರ ಬಾಯಿ ಬಿಟ್ಟು ಅಂತಾರೇನ್ರಿ? ಹಿರೇರು ಇರೂ ಮನಿ. ನಿಮ್ಮ ಕಡೆ ಹೆಂಗ ಅಂತಾರೋ ಏನೋ, ನನ್ನ ಬಾಯಾಗ ಆ ಮಾತು ಬರಂಗಿಲ್ಲ ನೋಡ್ರಿ."

ಅಮ್ಮ ಆಗ ಒಳಗಿನಿಂದ ಬಂದು ಅವರನ್ನೇ ನೋಡುತ್ತಾ, "ಯಾರ ಮನೆಯವನಪ್ಪ ನೀನು?" ಎಂದಳು.

"ನಿಮ್ಮ ಮನ್ಯಾಂವನಾ ಯವ್ವಾ."

"ಮತ್ತೆ ಇಷ್ಟು ತಡ ಮಾಡಿ ಬಂದಿದೀಯಲ್ಲ! ಕೈಕಾಲು ತೊಳ್ಕೋ ಹೋಗು, ಅವಲಕ್ಕಿ ಕಲಸ್ತೀನಿ."

ತಡವಾಯಿತೆಂದು ನಾನು ತಿಂಗಳುಗಟ್ಟಲೆ ಬೈದರೂ ಅಲುಗದ ಮನುಷ್ಯ, ಅಮ್ಮನ ಆ ಒಂದು ಮಾತಿಗೆ ಎದ್ದು ಹೋಗಿ ನಿಜವಾಗಿಯೂ ಕೈಕಾಲು ತೊಳೆದುಕೊಂಡು ಬಂದರು. ಅವಲಕ್ಕಿ ಕಲಸಿದವಳು ನನ್ನ ಹೆಂಡತಿ. ತಿಂದು ಮುಗಿಸಿ, ಕೊಂಡಿಗಳನ್ನು ಬಿಡಿಸಿ, ಹೊಸ ಹ್ಯಾಂಡಲ್ ಹಾಕಿ, "ಇನ್ನ ಮ್ಯಾಲ ಆನಿ ಬಂದು ಎಳದ್ರೂ ಬರಂಗಿಲ್ಲ" ಎಂದು ಹೋದರು.

ಅವರು ಹೋದ ಮೇಲೆ ಗೊತ್ತಾಯಿತು. ಲೋಕದ ಎಲ್ಲ ಬಾಗಿಲುಗಳ ಹ್ಯಾಂಡಲ್ ಕೆಳಗೆ ಒತ್ತಿದರೆ ತೆರೆಯುತ್ತದೆ. ಇದು ಒತ್ತಿದರೆ ಅಲ್ಲಾಡುವುದಿಲ್ಲ, ಮೇಲಕ್ಕೆ ಎತ್ತಿದರೆ ತೆರೆಯುತ್ತದೆ. ಹ್ಯಾಂಡಲನ್ನು ಬೀಗಕ್ಕೆ ಜೋಡಿಸುವ ಒಳಗಿನ ಚೌಕದ ಕಡ್ಡಿಯನ್ನು ಕಾಲು ಸುತ್ತು ತಪ್ಪಿಸಿ ಕೂಡಿಸಿದ್ದರು. ಹಾಗಾಗಿ ಕೀಲಿಯೂ ತಿರುಗದು. ಹಾಕಿದ ಬಾಗಿಲು ನಿಲ್ಲುತ್ತಿತ್ತು ನಿಜ, ಆದರೆ ಕೀಲಿಯಿಲ್ಲದ ಬಾಗಿಲನ್ನು ನಂಬಿ ನಾನು ಹೇಗೆ ಕಾರ್ಖಾನೆಯಲ್ಲಿ ಕೂರಲಿ? ಫೋನು, ಭಜನೆ, ಬಂದೆನ್ರಿ.

ಕಡೆಗೊಮ್ಮೆ ಬಂದವರು ಹ್ಯಾಂಡಲ್ ನೋಡಿ ಹುಬ್ಬು ಗಂಟಿಕ್ಕಿ, "ಯಾವ ಮಗಾ ಕೂಡಿಸ್ಯಾನ್ರಿ ಇದನ್ನ?" ಎಂದರು.

"ನೀವೇ," ಎಂದಳು ನನ್ನ ಹೆಂಡತಿ.

ಅವರು ಒಂದು ಕ್ಷಣವೂ ತಡೆಯಲಿಲ್ಲ. "ಹಂಗಾದ್ರ ಅಕ್ಕಾರ, ಸಾಹೇಬ್ರು ಅವಸರ ಮಾಡಿರಬೇಕು." ಸರಿ ಮಾಡುವ ಸಲಕರಣೆ ತಂದಿರಲಿಲ್ಲವಂತೆ. ತರುತ್ತೇನೆಂದು ಹೊರಟೇಬಿಟ್ಟರು. ಆ ದಿನ ನಾನು ಅವರ ಬೆನ್ನಿಗೆ ಅಂದ ಮಾತನ್ನು ಇಲ್ಲಿ ಬರೆಯಲಾರೆ.

ಆ ವಾರದ ಭಾನುವಾರ ಮಧ್ಯಾಹ್ನ ಊಟವಾಗಿ ನನಗೆ ಜೋಂಪು ಹತ್ತಿತ್ತು. ಅಮ್ಮ ಮಲಗಿದ್ದಾಳೆಂದು ಹೆಂಡತಿ ಕೆಳಗಿನ ಅಂಗಡಿಗೆ ಹೋಗಿದ್ದಳು. ಏನೋ ಎಳೆದಾಡಿದ ಸದ್ದಿಗೆ ಎಚ್ಚರವಾಗಿ ಹಾಲ್‌ಗೆ ಬಂದೆ. ಅಮ್ಮ ಅಡುಗೆಮನೆಯ ಸ್ಟೂಲನ್ನು ಬಾಲ್ಕನಿ ಬಾಗಿಲವರೆಗೆ ಎಳೆದು ತಂದು ಇಟ್ಟುಕೊಂಡು, ಎರಡೂ ಕೈಯಿಂದ ಹ್ಯಾಂಡಲನ್ನು ಕೆಳಗೆ ಒತ್ತುತ್ತಿದ್ದಳು. ಎಷ್ಟು ಹೊತ್ತಿನಿಂದಲೋ. ಹಣೆ ಬೆವರಿತ್ತು, ಬಳೆ ಬಾಗಿಲಿಗೆ ಬಡಿಯುತ್ತಿತ್ತು.

"ಬಂದ್ಯಾ? ಹಿಡ್ಕೋ ಈ ಸ್ಟೂಲು," ಎಂದಳು. "ಬೀದೀಲಿ ಒಂದು ನರಪಿಳ್ಳೆಯ ಸದ್ದೂ ಇಲ್ಲ. ಇದರ ಮೇಲೆ ಹತ್ತಿ ಬಗ್ಗಿ ನೋಡಿದ್ರೆ ಕಾಣುತ್ತೆ. ಈ ಬಾಗಿಲು ನೋಡು, ನಿನ್ನ ಹೆಂಡ್ತಿ ಥರ ಹಠ ಮಾಡುತ್ತೆ."

ಹಿಡಿಯುವ ಬದಲು ಆ ಸ್ಟೂಲಿನ ಮೇಲೆ ನಾನೇ ಕೂತೆ. ಅಷ್ಟು ವರ್ಷ ಆಗದ್ದನ್ನೆಲ್ಲ ಊಹಿಸಿಕೊಂಡು ಹೆದರಿದವನಿಗೆ, ಆಗಿಯೇಬಿಡುತ್ತಿದ್ದುದು ಎದುರಿಗೆ ಬಂದಾಗ ಎಣಿಸಲು ಏನೂ ಉಳಿದಿರಲಿಲ್ಲ. ಆಮೇಲೆ ಎದ್ದು, ಹ್ಯಾಂಡಲ್ ಮೇಲಕ್ಕೆತ್ತಿ, ಅವಳ ಕೈ ಬಿಗಿಯಾಗಿ ಹಿಡಿದುಕೊಂಡು ಬಾಲ್ಕನಿಗೆ ಕರೆದೊಯ್ದೆ. ಕೆಳಗೆ ಆಟೋಗಳು, ಮಿಕ್ಸರ್ ಲಾರಿ, ತಳ್ಳುಗಾಡಿಯವನ ಕೂಗು. "ಅಬ್ಬ, ಎಲ್ಲ ಇದಾರೆ," ಎಂದಳು. ಅಂದಿನಿಂದ ಸಂಜೆ ಹೊತ್ತು ಯಾರಾದರೊಬ್ಬರು ಅವಳನ್ನು ಹಾಗೆ ಕರೆದೊಯ್ದು, ಎಲ್ಲ ಇದ್ದಾರೆಂದು ತೋರಿಸಿ, ಒಳಗೆ ತರುವುದು ರೂಢಿಯಾಯಿತು.

ಹ್ಯಾಂಡಲ್‌ನವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ನಿಮ್ಮ ತಪ್ಪಿನಿಂದ ನನ್ನ ಅಮ್ಮ ಉಳಿದಳು ಎಂದೆ. ಅವರು ಮೊದಲು, "ಯವ್ವಾ ಆರಾಮ ಅದಾರಲ್ರಿ?" ಎಂದು ಕೇಳಿದರು. ಆರಾಮ ಎಂದು ತಿಳಿದ ಮೇಲೆ ಅವರಿಗೆ ಸಿಟ್ಟು ಬಂತು. "ತಪ್ಪು ಕೂಡಿಸ್ಯಾನ ಅಂತ ಊರಿಗೆಲ್ಲ ಹೇಳ್ತೀರೇನ್ರಿ ಈಗ? ಅಪಾರ್ಟ್‌ಮೆಂಟಿನ್ಯಾಗ ನನ್ನ ಹೆಸರು ಏನಾಗ್ಬೇಕು? ನಾಳೆ ಬಂದು ಬಿಚ್ಚಿ ಸರಿ ಮಾಡ್ತೀನಿ."

ಮರುದಿನ ಬೆಳಿಗ್ಗೆ, ನಾನು ಹಲ್ಲುಜ್ಜುತ್ತಿರುವಾಗಲೇ, ಬಂದರು! ಎಲ್ಲ ಸಲಕರಣೆಯೊಂದಿಗೆ. ನಾನು ಬಾಯಲ್ಲಿ ನೊರೆ ಇಟ್ಟುಕೊಂಡೇ ಬಾಲ್ಕನಿ ಬಾಗಿಲಿಗೆ ಅಡ್ಡ ನಿಂತೆ.

"ಬಾಜೂಕ ಸರೀರಿ ಸಾಹೇಬ್ರ."

"ಮುಟ್ಟಬೇಡಿ."

"ಉಲ್ಟಾ ಐತಿ ಅದು. ನೋಡಿದಾಂವ ನಗ್ತಾನ."

"ನಗಲಿ. ಮುಟ್ಟಿದರೆ ನೋಡಿ."

ಕರೆದಾಗ ಬಾರದಿದ್ದವರು ಆಮೇಲೆ ಬೇಡವೆಂದರೂ ಬರತೊಡಗಿದರು. ಪಕ್ಕದ ಬ್ಲಾಕಿಗೆ ಕೆಲಸಕ್ಕೆ ಬಂದರೆ ನಮ್ಮಲ್ಲಿ ಹಾಜರು. ಅಮ್ಮ ಯಾರ ಮನೆಯವನಪ್ಪ ಎನ್ನುವಳು, ನಿಮ್ಮ ಮನ್ಯಾಂವನಾ ಎನ್ನುವರು, ಅವಲಕ್ಕಿ ತಿನ್ನುವರು, ತಿನ್ನುತ್ತಾ ಓರೆಗಣ್ಣಲ್ಲಿ ಹ್ಯಾಂಡಲನ್ನು ನೋಡುವರು. ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ ಒಮ್ಮೆ ಎರಡು ಸ್ಕ್ರೂ ಬಿಚ್ಚಿಯೂ ಬಿಟ್ಟಿದ್ದರು. ಹೆಂಡತಿ ಕೂಗಿಕೊಂಡದ್ದರಿಂದ ಉಳಿಯಿತು. ನಾನು ಟವೆಲ್‌ನಲ್ಲೇ ಬಂದು ಜಗಳವಾಡಿದೆ. "ಒಂದು ಕೆಲಸ ಬಾಕಿ ಇಟ್ಟು ಹೆಂಗ ನಿದ್ದಿ ಬರ್ಬೇಕ್ರಿ ನನಗ?" ಎಂದು ಅವರು ಮುಖ ಊದಿಸಿಕೊಂಡು ಹೋದರು.

ಆಮೇಲೆ ಬಹಳ ದಿನ ಬರಲಿಲ್ಲ. ಅಡುಗೆಮನೆಯ ಕಿಟಕಿಯ ಚಿಲಕ ಸಡಿಲವಾಯಿತೆಂದು ಒಂದು ಬೆಳಿಗ್ಗೆ, ಬೈಗುಳವನ್ನು ಸಿದ್ಧಮಾಡಿಕೊಂಡೇ ಫೋನ್ ಮಾಡಿದೆ. ಭಜನೆಯ ನುಡಿ ಮುಗಿಯಿತು. ಹೆಂಗಸಿನ ದನಿ. ಅವರ ಹೆಂಡತಿ. ಶಂಶಾಬಾದ್ ಕಡೆ ಒಂದು ಹೊಸ ಮನೆಯಲ್ಲಿ ಕಿಟಕಿ ಕೂಡಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲವಂತೆ. ದಿನಕರ್ಮಗಳೆಲ್ಲ ಮುಗಿದಿದ್ದವು. ಊರಿಗೆ ಹೋಗುವುದಕ್ಕೆ ಸಾಮಾನು ಕಟ್ಟುತ್ತಿದ್ದಾರಂತೆ. ಯಾರು ಮಾತಾಡುವುದೆಂದು ಆಕೆ ಕೇಳಿದರು. ಕೊಂಡಾಪುರ, ಒಂಬತ್ತನೇ ಮಹಡಿ ಎಂದೆ.

"ಯವ್ವಾರ ಮನಿ ಏನ್ರಿ? ಅವಲಕ್ಕಿ?" ಎಂದರು. "ನಿಮ್ಮದೊಂದು ಹ್ಯಾಂಡಲ್ ಉಲ್ಟಾ ಕೂಡಿಸೀನಿ, ಸಾಹೇಬ್ರು ಮುಟ್ಟಗೊಡವಲ್ರು ಅಂತ ಹೇಳಿ ಹೇಳಿ ನಗೋರು. ಒಂದೊಂದ್ಸಲ ಮನಸಿಗೆ ಹಚ್ಚಿಕೊಳ್ಳೋರ್ರಿ. ನಮ್ಮ ತಮ್ಮ ಇದಾ ಕೆಲಸ ಮಾಡ್ತಾನ, ಹೋಗೂಕಿಂತ ಮೊದಲು ಅವನ್ನ ಕಳಸ್ಲೇನ್ರಿ? ಅವರದು ಬಾಕಿ ಉಳೀಬಾರದು."

ಒಳಗಿನ ಕೋಣೆಯಿಂದ ಅಮ್ಮ, ಕಾಫಿ ಇನ್ನೂ ಆಗಲಿಲ್ಲವೇ ಎಂದು ಸೊಸೆಯನ್ನು ಗದರಿಸುತ್ತಿದ್ದಳು.

"ಬ್ಯಾಡ್ರಿ ತಾಯಿ," ಎಂದೆ. "ಅದು ಸರಿ ಐತಿ."