ಹದಿನಾಲ್ಕನೇ ವಾರದ ಟೈರು

ಬೆಳಗಿನ ಐದೂಮುಕ್ಕಾಲು. ಮಧುಗಿರಿಯ ಬೆಟ್ಟ ಇನ್ನೂ ಕಪ್ಪಗೇ ಇದೆ. ಶಿರಾ ರಸ್ತೆಯ ಟೈರ್ ಅಂಗಡಿಯ ಮುಂದೆ ಈಶ್ವರಮ್ಮ ಬಕೆಟ್ಟಿನ ನೀರು ಚಿಮುಕಿಸಿ ಧೂಳು ಅಡಗಿಸಿದ್ದಾರೆ. ಈಗ ಲಾರಿ ಟೈರುಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿಕೊಂಡು ಬರುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಸೊಂಟಕ್ಕೆ ಬಿಗಿದ ಸೆರಗು. ಒಂದೊಂದು ಟೈರೂ ಐವತ್ತೈದು ಅರವತ್ತು ಕೆ.ಜಿ. ತೂಗುತ್ತದೆ. ಅವರು ಎತ್ತಲು ಹೋಗುವುದಿಲ್ಲ. ಮೊಣಕಾಲಿನಿಂದ ತುಸು ನೂಕಿ ಅಂಗೈಯಿಂದ ದಾರಿ ತೋರಿಸಿದರೆ ಸಾಕು, ಅದು ತಾನಾಗಿ ಹೋಗಿ ಗೋಡೆಗೆ ಒರಗಿಕೊಳ್ಳುತ್ತದೆ. ಟೈರು ಹೇಳಿದ ಮಾತು ಕೇಳುತ್ತದೆ. ಕೇಳದವರು ಮನುಷ್ಯರು.

ಅಂಗಡಿಯ ಪಕ್ಕದ ಬೇವಿನ ಮರದಡಿ ಅಂಥ ಒಬ್ಬ ಮನುಷ್ಯನ ಹಳದಿ ಸ್ಪೋರ್ಟ್ಸ್ ಕಾರು ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿದೆ. ಎರಡು ಬಾಗಿಲು, ಎರಡು ಸೀಟು, ಚಕ್ರ ಮಾತ್ರ ಒಂದೂ ಇಲ್ಲ. ಬೋಳಾಗಿದ್ದ ಹಳೆಯ ಟೈರುಗಳನ್ನು ಬಿಚ್ಚಿದ್ದು ಸೋಮವಾರ. ಇವತ್ತು ಗುರುವಾರ. ಅದರ ಕೆಳಗೆ ಬೀದಿನಾಯಿಯೊಂದು ಆಗಲೇ ಸಂಸಾರ ಹೂಡಿದೆ.

ಕಾರಿನ ಒಡೆಯ ರಾಮಾಂಜನೇಯ ಪಾವಗಡ ತಾಲ್ಲೂಕಿನ ತಿರುಮಣಿಯವನು. ಮನೆಯ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಈಗ ಅಲ್ಲಿನ ಪ್ಯಾನೆಲ್ ತೊಳೆಸುವ ಕೆಲಸ ಹಿಡಿದಿದ್ದಾನೆ. ಕಾರು ಬೆಂಗಳೂರಿನಲ್ಲಿ ಇಬ್ಬರ ಕೈ ದಾಟಿ ಇವನ ಕೈಗೆ ಬಂದದ್ದು. ಭಾನುವಾರ ಮಧುಗಿರಿಯ ಛತ್ರದಲ್ಲಿ ಅವನ ಒಬ್ಬಳೇ ತಂಗಿ ಅನುಪಮಾಳ ಮದುವೆ. ಊಟ ಮುಗಿದ ಮೇಲೆ ಮದುಮಗನೇ ಈ ಕಾರು ಓಡಿಸಿಕೊಂಡು, ಪಕ್ಕದಲ್ಲಿ ಮದುಮಗಳನ್ನು ಕೂರಿಸಿಕೊಂಡು, ಶಿರಾದ ತನ್ನ ಮನೆಗೆ ಹೋಗಬೇಕು ಎನ್ನುವುದು ರಾಮಾಂಜನೇಯನ ಹಟ. ಸರಿಯಾದ ಟೈರು ಬರುವವರೆಗೆ ಚಕ್ರ ಕೂರಿಸುವುದಿಲ್ಲ ಎನ್ನುವುದು ಈಶ್ವರಮ್ಮನ ಹಟ.

ಆರು ಗಂಟೆಗೆ ಅವನ ಜೀಪು ಬಂದು ನಿಲ್ಲುತ್ತದೆ. ಹಿಂದುಗಡೆ ನಾಲ್ಕು ಟೈರುಗಳು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿವೆ. ಇದು ಮೂರನೇ ಸಲ.

"ಅಕ್ಕಾ, ಈ ಸಲ ನೀನು ಬಾಯೇ ತೆಗೆಯಂಗಿಲ್ಲ. ಹೊಸಾವು! ಗ್ರಿಪ್ ನೋಡು, ಮೈ ನೋಡು!"

ಈಶ್ವರಮ್ಮ ಗ್ರಿಪ್ ನೋಡುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ, ಬೆರಳಿನಿಂದ ತಡವುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಅಲ್ಲಿ ಉಬ್ಬಿರುವ ನಾಲ್ಕು ಅಂಕಿಗಳಿವೆ.

"ಹದಿನಾಲ್ಕು ಹದಿನಾರು. ಎರಡು ಸಾವಿರದ ಹದಿನಾರನೇ ಇಸ್ವಿ, ಹದಿನಾಲ್ಕನೇ ವಾರ ಹುಟ್ಟಿದ್ದು. ಒಂಬತ್ತು ವರ್ಷದ ಮುದುಕ ಕಣಪ್ಪ ಇವನು. ಪಾಲಿಶ್ ಬಳ್ಕಂಡು ಮದುವೆಗಂಡಿನಂಗೆ ಬಂದವ್ನೆ."

"ಒಂದು ಕಿಲೋಮೀಟ್ರೂ ಓಡಿಲ್ವಂತಕ್ಕಾ! ಗೋಡೌನಲ್ಲೇ ಇತ್ತಂತೆ!"

"ಓಡಿಲ್ಲ ಅಂದ್ರೆ ವಯಸ್ಸಾಗಲ್ವಾ? ನಮ್ಮ ಬೀದೀಲಿ ಮೂಲೆ ಹಿಡಿದು ಕೂತಿರೋ ಅಜ್ಜಿ ಯಾವ ರೇಸ್ ಓಡಿದ್ಲಪ್ಪಾ?"

ಹೆಬ್ಬೆರಳ ಉಗುರು ಒತ್ತಿ ತೋರಿಸುತ್ತಾರೆ. ರಬ್ಬರು ಕಲ್ಲಿನಷ್ಟು ಗಟ್ಟಿ. ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಪಾಲಿಶು ಅವುಗಳ ಮೇಲೆ ಹರಿದು ಮುಚ್ಚಿಕೊಂಡಿದೆ. ರಾಮಾಂಜನೇಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಅಬ್ಬಾ ಚಾಲು ತಲ್ಲೀ, ನಿನ್ನ ಸಹವಾಸ" ಎಂದು ಅರ್ಧ ತೆಲುಗಿನಲ್ಲಿ, ಸಾಕು ತಾಯಿ ಎನ್ನುವಂತೆ, ಕೈಮುಗಿಯುತ್ತಾನೆ.

ಅವನದೊಂದು ಕಡೆ ಇರಲಿ, ಈಶ್ವರಮ್ಮನ ಕಷ್ಟ ಕೇಳಿ. ಸೋಮವಾರ ಅವನು ನಾಲ್ಕೂ ಒಂದೇ ಅಳತೆಯ ಟೈರು ತಂದಿದ್ದ. ಆ ಕಾರಿನ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಿರಬೇಕು. ಆದರೆ ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಬದಲಾಯಿಸುತ್ತಾ ಓಡಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ ಎನ್ನುವುದು ಈ ಕಡೆಯ ಜೀಪು, ಟೆಂಪೋ ಓಡಿಸುವವರ ವೇದವಾಕ್ಯ. ಅದಕ್ಕೆ ಒಂದೇ ಅಳತೆ ಬೇಕಲ್ಲ, ತಂದುಬಿಟ್ಟ. "ನಿನ್ನ ಟ್ರ್ಯಾಕ್ಟ್ರಲ್ಲಿ ಹಿಂದಿನ ದೊಡ್ಡ ಚಕ್ರ ಬಿಚ್ಚಿ ಮುಂದಕ್ಕೆ ಹಾಕ್ತೀಯಾ? ಇದೂ ಅಂಗೇ ಕಣಪ್ಪ" ಎಂದು ಈಶ್ವರಮ್ಮ ಕೇಳಿದ ಮೇಲೆ ವಾಪಸು ಹೋದ.

ಮಂಗಳವಾರ ಅಳತೆ ಸರಿಯಿತ್ತು, ಅಕ್ಷರ ತಪ್ಪಿತ್ತು. ಟೈರು ಎಷ್ಟು ವೇಗ ತಡೆಯುತ್ತದೆ ಎಂದು ತಿಳಿಸಲು ಅದರ ಮೇಲೊಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಎರಡನೇ ತರಗತಿಗೆ ಸ್ಕೂಲು ಬಿಟ್ಟ ಈಶ್ವರಮ್ಮ ಈ ಅಕ್ಷರಗಳನ್ನು ಆಕಾರದಿಂದ ಗುರುತು ಹಿಡಿಯುತ್ತಾರೆ. ಸಣ್ಣ ಕಾರುಗಳದು ಸುತ್ತಿಗೆ ಅಕ್ಷರ, ಅಂದರೆ ಟಿ; ಈ ಹಳದಿ ಕಾರಿನದು ಕವೆಗೋಲು ಅಕ್ಷರ, ಅಂದರೆ ವೈ. ಅವನು ತಂದದ್ದು ಕಡಿಮೆ ವೇಗದ ಸುತ್ತಿಗೆ.

"ಮಧುಗಿರಿಯಿಂದ ಪಾವಗಡಕ್ಕೆ ಎಷ್ಟು ಹಂಪ್ ಐತೆ ಎಣಿಸಿದ್ದೀಯಾ, ಸ್ಪೋರ್ಟ್ಸ್ ಕಾರ್ ಯಾಕೆ ತಂದೆ ಅಂತ ಹೋದ್ ತಿಂಗಳು ನೀನೇ ಬೈದೆ. ಸ್ಪೀಡೇ ಹೋಗಲ್ಲ ಅಂದ್ಮೇಲೆ ಕವೆಗೋಲು ಯಾಕಕ್ಕಾ?" ಎಂದು ಅವನು ವಾದಕ್ಕೆ ನಿಂತ.

"ನೀನು ಸ್ಪೀಡ್ ಹೋಗಲ್ಲ ಅಂತ ಕಾರಿಗೆ ಗೊತ್ತಾ? ಭಾನುವಾರ ಓಡ್ಸೋನು ನೀನಲ್ಲ, ಹೊಸಾ ಮದುವೆಗಂಡು. ಪಕ್ಕದಲ್ಲಿ ಹೆಂಡ್ತಿ ಕೂತಿರ್ತಾಳೆ. ನಿಧಾನಕ್ಕೆ ಓಡಿಸ್ತಾನಾ ಅವನು?"

ಹೀಗೆ ಎರಡು ದಿನ ಕೋಣನ ಮುಂದೆ ಕಿನ್ನರಿ ಬಾರಿಸಿದ ಮೇಲೆ, ಮೂರನೆಯ ಸಲ ಅಳತೆಯೂ ಅಕ್ಷರವೂ ಸರಿಯಿರುವ ಟೈರು ಬಂದಿದೆ. ಆದರೆ ಮುದುಕ.

ಈಶ್ವರಮ್ಮನಿಗೆ ನಲವತ್ತೇಳು ವರ್ಷ. ಇಲ್ಲಿ ಕೆಲಸಕ್ಕೆ ಸೇರಿ ಹತ್ತೊಂಬತ್ತಾಯಿತು. ಮೊದಲು ಪಂಕ್ಚರ್ ತೊಟ್ಟಿಗೆ ನೀರು ಹೊರುವ ಕೆಲಸ, ಆಮೇಲೆ ಟ್ಯೂಬು ತಿಕ್ಕುವುದು, ಆಮೇಲೆ ಟೈರನ್ನು ರಿಮ್ಮಿನಿಂದ ಮೀಟಿ ತೆಗೆಯುವ ಲಿವರ್. ಈಗ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಚಕ್ರಗಳು ಅವರ ಕೈಯಲ್ಲಿ ಬಿಚ್ಚಿ ಕೂರುತ್ತವೆ. ಪಂಕ್ಚರು ಬೇರೆ. ಬೇಸಿಗೆಯಲ್ಲಿ ಪಾವಗಡದ ಕಡೆಯಿಂದ ಬರುವ ಗಾಡಿಗಳ ಟೈರು ಮುಟ್ಟಿದರೆ ಅಂಗೈ ಚುರ್ ಎನ್ನುತ್ತದೆ. ಬಲಗೈ ಹೆಬ್ಬೆರಳು ಒಮ್ಮೆ ರಿಮ್ಮಿಗೆ ಸಿಕ್ಕಿ ಸೊಟ್ಟಗಾಗಿದೆ. ಟೈರು ಬಿಚ್ಚಿ ಹಾಕಿದ್ದಕ್ಕೆ ಜನ ಕೂಲಿ ಕೊಡುತ್ತಾರೆ. ಯಾವುದು ಹಾಕಬೇಕು, ಯಾವುದು ಹಾಕಬಾರದು ಎಂದು ಗಂಟೆಗಟ್ಟಲೆ ಹೇಳಿದ್ದಕ್ಕೆ ಏನೂ ಇಲ್ಲ. ಬೈಗುಳ ಮಾತ್ರ ಪುಕ್ಕಟೆ.

"ಹೇಳಿ ಹೇಳಿ ಬಾಯಿ ನೋಯ್ತದೆ. ನೂರು ಜನ ಬಂದ್ರೆ ನೂರು ಜನನೂ ಗ್ರಿಪ್ ನೋಡ್ತಾರೆ, ಕಂಪ್ನಿ ಹೆಸ್ರು ನೋಡ್ತಾರೆ, ಮೊಬೈಲ್ ನೋಡ್ತಾರೆ. ಬಗ್ಗಿ ಆ ನಾಲ್ಕು ಅಂಕಿ ನೋಡಿದೋನು ಇದುವರ್ಗೂ ಒಬ್ಬನೂ ಇಲ್ಲ. ನಾನು ಸಾಯೋದ್ರೊಳಗೆ ಒಬ್ಬ, ಒಬ್ಬನೇ ಒಬ್ಬ, ನಾನು ಹೇಳೋಕ್ ಮುಂಚೆ ಮಂಡಿ ಊರಿ ಓದ್ಲಿ. ಇನ್ನೇನೂ ಬ್ಯಾಡ ನಂಗೆ" ಎಂದು ಸಿಕ್ಕವರ ಹತ್ತಿರ ಗೊಣಗುತ್ತಾರೆ.

ಆ ಅಂಕಿಗಳು ಅವರ ಕ್ಯಾಲೆಂಡರೂ ಹೌದು. ಮಗಳು ಶರಣ್ಯಾ ಯಾವಾಗ ಹುಟ್ಟಿದಳು ಎಂದು ಕೇಳಿದರೆ "ಇಪ್ಪತ್ಮೂರು ಸೊನ್ನೆ ಆರು" ಎನ್ನುತ್ತಾರೆ. ಅಂದರೆ ಎರಡು ಸಾವಿರದ ಆರು, ಇಪ್ಪತ್ತಮೂರನೇ ವಾರ. ಕೇಳಿದವರು ನಗುತ್ತಾರೆ. ಇನ್ನೊಂದು ಅಂಕಿ ಇದೆ, ಅದನ್ನು ಹೇಳುವಾಗ ಮಾತ್ರ ಅವರೂ ನಗುವುದಿಲ್ಲ, ಕೇಳಿದವರೂ ನಗುವುದಿಲ್ಲ.

ಅದು ಮೂವತ್ತೊಂದು ಸೊನ್ನೆ ನಾಲ್ಕು. ಹನ್ನೆರಡು ವರ್ಷದ ಹಿಂದೆ ಗಂಡ ಕದಿರಯ್ಯ ಟೆಂಪೋ ಓಡಿಸುತ್ತಿದ್ದರು. ಯಾರೋ ಮಾರಿದ, ನೋಡಲು ಹೊಸದರಂತಿದ್ದ ಟೈರನ್ನು ಅವರ ಟೆಂಪೋಗೆ ಹಾಕಿದ್ದು ಈಶ್ವರಮ್ಮನೇ. ಕೊರಟಗೆರೆಯಿಂದ ಹುಣಸೆಹಣ್ಣಿನ ಮೂಟೆ ತುಂಬಿಕೊಂಡು ಶಿರಾಕ್ಕೆ ಹೊರಟ ಟೆಂಪೋ ಬಡವನಹಳ್ಳಿ ದಾಟಿದ ಮೇಲೆ ಟೈರು ಸಿಡಿದು ಮಗುಚಿತು. ಕದಿರಯ್ಯನ ಎಡಗಾಲು ಆಮೇಲೆ ಸರಿಹೋಗಲೇ ಇಲ್ಲ. ವರ್ಷ ಕಳೆದ ಮೇಲೆ ಕಂಪನಿಯವರೊಬ್ಬರು ಅಂಗಡಿಗೆ ಬಂದು, ಟೈರಿನ ಮೇಲಿನ ಅಂಕಿಗಳ ಅರ್ಥ ಹೇಳಿಕೊಟ್ಟರು. ಅವತ್ತು ಈಶ್ವರಮ್ಮ ಮನೆಗೆ ಹೋದವರೇ, ಹಿತ್ತಿಲಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಆ ಒಡೆದ ಟೈರನ್ನು ಎಳೆದು, ತೊಳೆದು, ಓದಿದರು.

"ಎಲ್ರೂ ಹಣೆಬರಹ ಅಂದ್ರು. ಹಣೆ ಮೇಲೆ ಅಲ್ಲ, ಟೈರ್ ಮೇಲೇ ಬರ್ದಿತ್ತು. ನಾನು ಓದಿರ್ಲಿಲ್ಲ ಅಷ್ಟೆ."

ಅವತ್ತಿನಿಂದ ಹುಟ್ಟಿದ ವಾರ ಓದದೆ ಒಂದು ಟೈರನ್ನೂ ಅವರು ರಿಮ್ಮಿಗೆ ಕೂರಿಸಿಲ್ಲ. ರಾಮಾಂಜನೇಯನ ತಂಗಿ ಹೋಗಬೇಕಾಗಿರುವುದೂ ಅದೇ ಬಡವನಹಳ್ಳಿ ದಾರಿಯಲ್ಲಿ.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಮಾಲೀಕ ಲಕ್ಷ್ಮೀಪತಿಯ ತಾಳ್ಮೆ ಮುಗಿಯುತ್ತದೆ. ರಾಮಾಂಜನೇಯ ಬರೀ ಒಂದು ಕಾರಿನ ಗಿರಾಕಿಯಲ್ಲ. ಪ್ಯಾನೆಲ್ ತೊಳೆಯುವ ಅವನ ಹನ್ನೊಂದು ಟ್ರ್ಯಾಕ್ಟರುಗಳೂ ಇಲ್ಲಿಗೇ ಬರುತ್ತವೆ. ಅವನೋ ಅದೇ ಟೈರುಗಳನ್ನು ಮತ್ತೆ ತಂದು ಸುರಿದು, "ಹಾಕ್ತೀರೋ, ಶಿರಾಕ್ಕೆ ತಗೊಂಡೋಗ್ಲೋ?" ಎಂದು ನಿಂತಿದ್ದಾನೆ.

"ಈಶ್ವರಮ್ಮ, ಗಿರಾಕಿ ಕೇಳಿದ್ದು ಹಾಕೋದು ನಮ್ಮ ಕೆಲಸ. ಹಾಕು. ಇಲ್ಲಾಂದ್ರೆ ಲಿವರ್ ಇಟ್ಟು ಮನೆಗೆ ಹೋಗು."

"ಇಟ್ಟೆ ಸಾರ್."

ವರ್ಷಗಟ್ಟಲೆ ಹಿಡಿದು ನುಣುಪಾದ ಲಿವರ್ ಟೇಬಲ್ಲಿನ ಮೇಲೆ ಠಣ್ ಎನ್ನುತ್ತದೆ. ಈಶ್ವರಮ್ಮನ ಮಗಳ ಓದು ಇನ್ನೂ ಎರಡು ವರ್ಷವಿದೆ, ಮನೆಯಲ್ಲಿ ದುಡಿಯುವ ಕೈ ಇದೊಂದೇ. ಅವರಿಗೆ ಭಯವಾಗಿದೆ, ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿದೆ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಹೊರಗೆ ಬಂದರೆ, ಜೀಪಿನಿಂದ ಒಬ್ಬ ಹುಡುಗಿ ಇಳಿಯುತ್ತಿದ್ದಾಳೆ. ಕೈಯಲ್ಲಿ ಟೈಲರ್ ಅಂಗಡಿಯ ಚೀಲ, ಮುಖದಲ್ಲಿ ಅರಿಶಿನದ ಬಣ್ಣ. ರವಿಕೆ ಇಸಿದುಕೊಳ್ಳಲು ಅಣ್ಣನ ಜೊತೆ ಬಂದಿದ್ದ ಅನುಪಮಾ.

"ಯಾಕಣ್ಣ, ಏನಾಯ್ತು?"

"ಏನಿಲ್ಲ, ನೀನು ಗಾಡೀಲಿ ಕೂತ್ಕೋ."

ಈಶ್ವರಮ್ಮ ಹುಡುಗಿಯ ಕೈ ಹಿಡಿದು ಟೈರಿನ ಮುಂದೆ ಕೂರಿಸುತ್ತಾರೆ. "ಇಲ್ಲಿ ನಾಲ್ಕು ಅಂಕಿ ಐತೆ, ಓದು ಕಣವ್ವ. ಮುಂದಿನೆರಡು ವಾರ, ಹಿಂದಿನೆರಡು ಇಸ್ವಿ."

ಬಿ.ಎಡ್. ಮುಗಿಸಿದ ಹುಡುಗಿ ಬೆರಳಿಟ್ಟು ಓದುತ್ತಾಳೆ. ಒಂದು, ನಾಲ್ಕು, ಒಂದು, ಆರು. ಹದಿನಾಲ್ಕನೇ ವಾರ ಎಂದರೆ ಏಪ್ರಿಲ್ ಮೊದಲು ಎಂದು ಲೆಕ್ಕ ಹಾಕುತ್ತಾಳೆ. ಆಮೇಲೆ ಅಣ್ಣನ ಕಡೆ ತಿರುಗುತ್ತಾಳೆ.

"ಅಣ್ಣಾ, ಆಗ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೀತಿದ್ದೆ! ಅಷ್ಟು ಹಳೇ ಟೈರು ಹಾಕಿ ನಮ್ಮನ್ನ ಕಳಿಸ್ತೀಯಾ?"

"ಇಡೀ ಊರಿಗೇ ಹೇಳಿದ್ದೀನಲ್ಲೇ, ಕಾರಲ್ಲಿ ಕಳಿಸ್ತೀನಿ ಅಂತ!"

"ಊರಿಗೆ ಹೇಳಿದ್ರೆ ಊರೇ ಕೂತ್ಕೊಂಡು ಹೋಗ್ಲಿ. ನಾನಂತೂ ಬರಲ್ಲ."

ರಾಮಾಂಜನೇಯ ತಂಗಿಯ ಮೇಲೂ ಈಶ್ವರಮ್ಮನ ಮೇಲೂ ಕೂಗಾಡಿ, ಜೀಪಿನ ಬಾಗಿಲು ದಬಾರನೆ ಹಾಕಿಕೊಂಡು, ತಂಗಿಯನ್ನು ಕರೆದುಕೊಂಡು ಹೊರಟುಹೋಗುತ್ತಾನೆ. ಟೈರುಗಳು ಅಲ್ಲೇ ಬಿದ್ದಿವೆ. ಲಕ್ಷ್ಮೀಪತಿ ಎದ್ದು ಬಂದು ಬಗ್ಗಿ ಆ ಅಂಕಿಗಳ ಮೇಲೆ ತಾನೂ ಒಮ್ಮೆ ಬೆರಳಾಡಿಸಿ, ತುಮಕೂರಿಗೆ ಫೋನು ಹಚ್ಚುತ್ತಾರೆ. ಸರಿಯಾದ ಟೈರು ಬರುವುದು ಮಂಗಳವಾರವೇ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ಲಿವರ್ ತಂದು ಈಶ್ವರಮ್ಮನ ಮುಂದೆ ಹಿಡಿಯುತ್ತಾರೆ. "ಲಾರಿ ಕಾಯ್ತಾ ಐತೆ ನೋಡು, ಹೋಗು."

ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ. ಬುತ್ತಿ ತಂದ ಕದಿರಯ್ಯ ಬೇವಿನ ಮರದ ಕೆಳಗೆ ಕಾಲು ನೀಡಿಕೊಂಡು ಕೂತಿದ್ದಾರೆ. ಹಳದಿ ಕಾರು ದಿಮ್ಮಿಗಳ ಮೇಲೇ ಇದೆ, ನಾಯಿಯೂ ಇದೆ. ಮುದ್ದೆ ಮುರಿಯುವ ಹೊತ್ತಿಗೆ ಈಶ್ವರಮ್ಮನ ಫೋನು ಬಡಿದುಕೊಳ್ಳುತ್ತದೆ. ಕೈ ಎಂಜಲಾಗಿರುವುದರಿಂದ ಕದಿರಯ್ಯ ಸ್ಪೀಕರಿಗೆ ಹಾಕುತ್ತಾರೆ. ಮೊದಲು ವಾಲಗದ ಸದ್ದು, ಆಮೇಲೆ ರಾಮಾಂಜನೇಯನ ಏದುಸಿರು.

"ಅಕ್ಕಾ, ಬಾಡಿಗೆ ಟೆಂಪೋ ಟ್ರಾವೆಲರ್ ಬಂದೈತೆ. ಹುಡ್ಗಿ ಹತ್ತೋಕ್ ಮುಂಚೆ ನೋಡ್ದೆ. ಮೂವತ್ತೆರಡು ಇಪ್ಪತ್ನಾಲ್ಕು. ಪರ್ವಾಗಿಲ್ವಾ?"

ಈಶ್ವರಮ್ಮ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸುತ್ತಾರೆ.

"ಹೋದೊರ್ಸ ಆಗಸ್ಟ್‌ದು. ಚೆನ್ನಾಗೈತೆ. ಆರೂ ಚಕ್ರ ನೋಡ್ದಾ?"

"ಒಂದು ನೋಡ್ದೆ."

"ಒಂದು ನೋಡ್ದೆ ಅಂತಾನಲ್ಲಪ್ಪಾ! ಉಳಿದ ಐದು ಯಾರು ನೋಡ್ತಾರೆ, ಪುರೋಹಿತ್ರಾ?"

"ಹಿಂದೆ ಜೋಡಿ ಚಕ್ರದಲ್ಲಿ ಒಳಗಡೆವು ಕಾಣ್ಸಲ್ಲಕ್ಕಾ. ರೇಷ್ಮೆ ಪಂಚೆ ಉಟ್ಟಿದ್ದೀನಿ."

"ಬಗ್ಗು."

ವಾಲಗ ನಿಲ್ಲದೆ ಊದುತ್ತಿದೆ. ಯಾರೋ ರಾಮಾಂಜನೇಯನಿಗೆ ಏನು ಹುಡುಕುತ್ತಿದ್ದೀಯ ಎಂದು ಕೇಳುತ್ತಾರೆ, ಯಾರೋ ನಗುತ್ತಾರೆ. ಅವನು ಗಾಡಿಯ ಕೆಳಗಿನಿಂದ ಒಂದೊಂದಾಗಿ ಓದಿ ಹೇಳುತ್ತಾನೆ. ಈಶ್ವರಮ್ಮ ಒಂದೊಂದಕ್ಕೂ ಹೂಂ ಎನ್ನುತ್ತಾರೆ. ಕದಿರಯ್ಯ ಫೋನನ್ನು ಹೆಂಡತಿಯ ಕಿವಿಯ ಹತ್ತಿರ ಹಿಡಿದುಕೊಂಡೇ ಇದ್ದಾರೆ. ಆರನೆಯದನ್ನು ಓದುವಾಗ ಅವನ ದನಿ ಮಣ್ಣು ಮೆತ್ತಿಕೊಂಡವನ ದನಿಯಂತಿದೆ.

"ಇದೂ ಮೂವತ್ತೆರಡು ಇಪ್ಪತ್ನಾಲ್ಕು. ಕಳಿಸ್ಲಾ ಅಕ್ಕಾ?"

ಈಶ್ವರಮ್ಮನ ಕಣ್ಣು ತುಂಬಿಬಂದಿದೆ. ಒರೆಸಿಕೊಳ್ಳಲು ಕೈ ಖಾಲಿಯಿಲ್ಲ.

"ಕಳಿಸಪ್ಪಾ," ಎನ್ನುತ್ತಾರೆ. "ತಂಗೀನ ಕಳಿಸು."